ಓರೆ ಹಾದಿಯ ಓಟಕ್ಕೆ ಕಾರಿನ ಸಿದ್ಧತೆ



ಜಾತ್ರೆಗಳಲ್ಲಿ ಮರದ ಹಲಗೆಗಳನ್ನು ಜೋಡಿಸಿ ಕಟ್ಟಿದ ದೊಡ್ಡ ಬಾವಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಟಿಕೆಟ್ ಕೊಂಡು ಏಣಿ ಹತ್ತಿ ಮೇಲಿನ ಅಟ್ಟದ ಮೇಲೆ ನಿಲ್ಲುತ್ತೇವೆ. ಕೆಳಗೆ ಮೋಟಾರ್ ಸೈಕಲ್ ಸವಾರ ಮೊದಲು ನೆಲದ ಮೇಲೆ ಒಂದೆರಡು ಸುತ್ತು ಹಾಕುತ್ತಾನೆ. ಬಳಿಕ ಅಂಚಿನ ಓರೆ ಹಲಗೆಯ ಮೇಲೆ ಏರುತ್ತಾನೆ. ವೇಗ ಹೆಚ್ಚಿದಂತೆ ನೆಟ್ಟಗಿನ ಗೋಡೆಯ ಮೇಲೆಯೇ ಗಿರಗಿರನೆ ಸುತ್ತತೊಡಗುತ್ತಾನೆ. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತೇವೆ. ಆಗ ಇನ್ನೊಂದು ಸಂಗತಿ ನಡೆಯುತ್ತದೆ. ಆತ ನಮ್ಮ ಬಳಿ ಹಾದುಹೋದಾಗಲೆಲ್ಲ ನಾವು ನಿಂತ ಅಟ್ಟ ಗಡಗಡನೆ ಅಲುಗುತ್ತದೆ.

ಆತ ಬೀಳುವುದಿಲ್ಲ ಏಕೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಅಟ್ಟ ಅಲುಗುವುದು ಏಕೆ ಎಂದು ಕೇಳುವವರು ಕಡಿಮೆ. ಇಂದಿನ ಭಾಷಣದಲ್ಲಿ ಈ ಎರಡನೆಯ ಪ್ರಶ್ನೆಯೇ ನಮಗೆ ಮುಖ್ಯ. ಓರೆಯಾಗಿ ಕಟ್ಟಿದ ಹಾದಿ ವೇಗವಾಗಿ ಓಡುವ ವಾಹನಕ್ಕೆ ದೊಡ್ಡ ಉಪಕಾರ ಮಾಡುತ್ತದೆ. ಆದರೆ ಅದಕ್ಕೆ ತಕ್ಕ ಬೆಲೆಯನ್ನೂ ವಸೂಲು ಮಾಡುತ್ತದೆ. ಓರೆ ಹಾದಿಯ ಓಟಕ್ಕೆ ಸ್ಪೋರ್ಟ್ಸ್ ಕಾರನ್ನು ಸಿದ್ಧಪಡಿಸುವುದೆಂದರೆ ಆ ಬೆಲೆಯನ್ನು ಮೊದಲೇ ಲೆಕ್ಕ ಹಾಕುವುದು.

ಮೊದಲು ಉಪಕಾರವನ್ನು ನೋಡೋಣ. ಚಲಿಸುತ್ತಿರುವ ವಸ್ತು ನೇರವಾಗಿಯೇ ಹೋಗಬಯಸುತ್ತದೆ. ಇದು ಜಡತ್ವ. ಅದನ್ನು ವೃತ್ತಾಕಾರವಾಗಿ ತಿರುಗಿಸಬೇಕಾದರೆ ವೃತ್ತದ ಕೇಂದ್ರದ ಕಡೆಗೆ ಒಂದು ಬಲ ಬೇಕು. ಇದನ್ನೇ ನಿಮ್ಮ ಪಠ್ಯಪುಸ್ತಕ ಕೇಂದ್ರಾಭಿಮುಖ ಬಲ ಎನ್ನುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಈ ಬಲ ಬರುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯಿಂದ ಮಾತ್ರ. ರಸ್ತೆಯ ಹೊರ ಅಂಚನ್ನು ಎತ್ತರಿಸಿದರೆ ರಸ್ತೆಯೇ ವಾಹನವನ್ನು ಒಳಕ್ಕೆ ತಳ್ಳುತ್ತದೆ. ರೈಲು ಹಳಿಗಳು ತಿರುಗುವಲ್ಲಿ ಹೊರಗಿನ ಹಳಿಯನ್ನು ತುಸು ಎತ್ತರಿಸಿರುವುದನ್ನು ನೀವು ಕಂಡಿರಬಹುದು. ನಮ್ಮ ಹೆದ್ದಾರಿಗಳಲ್ಲಿಯೂ ಇದೇ ಉಪಾಯವಿದೆ. ಬಯಲು ಸೀಮೆಯ ಹೆದ್ದಾರಿಗಳಲ್ಲಿ ಈ ಓರೆ ಶೇಕಡಾ 7ನ್ನು ಮೀರಬಾರದು, ಹಿಮ ಬೀಳದ ಬೆಟ್ಟಸಾಲುಗಳಲ್ಲಿ ಶೇಕಡಾ 10ನ್ನು ಮೀರಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮ ಹೇಳುತ್ತದೆ. ಕೋನದಲ್ಲಿ ಹೇಳುವುದಾದರೆ 4 ಡಿಗ್ರಿಯಿಂದ ಸುಮಾರು 6 ಡಿಗ್ರಿ. ಅದಕ್ಕಿಂತ ಹೆಚ್ಚು ಓರೆ ಮಾಡಿದರೆ ನಿಧಾನವಾಗಿ ಸಾಗುವ ಹೊರೆ ಲಾರಿ, ಎತ್ತಿನಗಾಡಿ ಒಳಬದಿಗೆ ವಾಲುವ ಅಪಾಯವಿದೆ.

ಈಗ ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್ ಎಂಬ ಊರಿಗೆ ಹೋಗೋಣ. ಅಲ್ಲಿ 1959ರಲ್ಲಿ ಆರಂಭವಾದ ಒಂದು ಓಟದ ಹಾದಿಯಿದೆ. ಅದಕ್ಕೆ ಮೊದಲು ಆ ಊರಿನಲ್ಲಿ ಕಾರುಗಳು ಓಡುತ್ತಿದ್ದುದು ಸಮುದ್ರತೀರದ ಮರಳಿನ ಮೇಲೆ. ಬಿಲ್ ಫ್ರಾನ್ಸ್ ಎಂಬ ಸಂಘಟಕರು ಎರಡೂವರೆ ಮೈಲಿ ಸುತ್ತಳತೆಯ ಹೊಸ ಹಾದಿಯನ್ನು ಕಟ್ಟಿಸಿದರು. ಹಾದಿಯ ತಿರುವುಗಳನ್ನು ಎಬ್ಬಿಸಲು ಬೇಕಾದ ಮಣ್ಣನ್ನು ಅದೇ ಬಯಲಿನ ನಡುವೆ ಅಗೆದು ತೆಗೆದರು. ಅಗೆದ ಹಳ್ಳ ಕೆರೆಯಾಗಿ ಇಂದಿಗೂ ಉಳಿದಿದೆ. ತಿರುವುಗಳ ಓರೆ 31 ಡಿಗ್ರಿ. ಡಾಂಬರು ಹಾಸುವ ಯಂತ್ರ ಆ ಇಳಿಜಾರಿನಲ್ಲಿ ಕೆಳಕ್ಕೆ ಜಾರದಂತೆ ಅದನ್ನು ಮೇಲಿನ ಅಂಚಿನಲ್ಲಿದ್ದ ಬುಲ್ಡೋಜರಿಗೆ ಕಟ್ಟಿ ಕೆಲಸ ನಡೆಸಬೇಕಾಯಿತು.

31 ಡಿಗ್ರಿ ಎಂದರೆ ಎಷ್ಟು? ನಿಮ್ಮ ಮನೆಯ ಮಹಡಿ ಮೆಟ್ಟಿಲನ್ನು ಪಕ್ಕದಿಂದ ನೋಡಿ. ಹೆಚ್ಚುಕಡಿಮೆ ಅಷ್ಟೇ ಓರೆ. ಹಾದಿಯ ಅಗಲ ಸುಮಾರು 12 ಮೀಟರ್ ಇರುವುದರಿಂದ ಮೇಲಿನ ಅಂಚು ಕೆಳಗಿನ ಅಂಚಿಗಿಂತ 6 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಎರಡು ಅಂತಸ್ತಿನ ಮನೆಯ ಎತ್ತರ ಎನ್ನಿ.

ಇಲ್ಲಿ ಒಂದು ಮಾತು ಹೇಳಬೇಕು. ಕಾರ್ಯಕ್ರಮ ತಯಾರಿಸುವ ಕೆಲಸದಲ್ಲಿರುವ ನನಗೆ ಇದು ಒಪ್ಪಿಕೊಳ್ಳಬೇಕಾದ ಮಾತು. ಟೆಲಿವಿಷನ್ ಪರದೆಯ ಮೇಲೆ ಈ ಓರೆ ಸರಿಯಾಗಿ ಕಾಣುವುದಿಲ್ಲ. ದೂರದ ದೃಶ್ಯವನ್ನು ಹತ್ತಿರ ತರುವ ಲೆನ್ಸ್ ಎತ್ತರ ತಗ್ಗುಗಳನ್ನು ಚಪ್ಪಟೆ ಮಾಡಿಬಿಡುತ್ತದೆ. ಕಾರಿನ ಒಳಗೇ ಕ್ಯಾಮರಾ ಇಟ್ಟರೆ ಕ್ಯಾಮರಾವೂ ಕಾರಿನ ಜೊತೆಗೇ ವಾಲುವುದರಿಂದ ಹಾದಿ ಸಮತಟ್ಟಾಗಿ ಕಂಡು ದಿಗಂತವೇ ವಾಲಿದಂತೆ ತೋರುತ್ತದೆ. ಆದ್ದರಿಂದ ಇಂತಹ ಓಟವನ್ನು ಪರದೆಯ ಮೇಲೆ ನೋಡುವಾಗ ಮನೆಯ ಮೆಟ್ಟಿಲನ್ನು ನೆನಪಿಸಿಕೊಳ್ಳಿ.

ಓರೆಯ ಗುಣವನ್ನು ತಿಳಿಯಲು ಡೇಟೋನಾದ ಒಂದು ಪ್ರಸಂಗ ಚೆನ್ನಾಗಿದೆ. 1962ರಲ್ಲಿ ಅಲ್ಲಿ ಸ್ಪೋರ್ಟ್ಸ್ ಕಾರುಗಳ ಮೂರು ಗಂಟೆಗಳ ಓಟ ನಡೆಯಿತು. ಡ್ಯಾನ್ ಗರ್ನಿ ಎಂಬ ಚಾಲಕ ಲೋಟಸ್ ಕಾರಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಕೊನೆಯ ನಿಮಿಷಗಳಲ್ಲಿ ಎಂಜಿನ್ ಕೆಟ್ಟಿತು. ಆತ ಗಾಬರಿಯಾಗಲಿಲ್ಲ. ಗುರಿಗೆರೆಗೆ ಸ್ವಲ್ಪ ಹಿಂದೆ, ಹಾದಿಯ ಎತ್ತರದ ಅಂಚಿನಲ್ಲಿ ಕಾರನ್ನು ನಿಲ್ಲಿಸಿ ಕಾದ. ಮೂರು ಗಂಟೆ ಮುಗಿಯುತ್ತಿದ್ದಂತೆ ಕಾರನ್ನು ಇಳಿಜಾರಿನತ್ತ ತಿರುಗಿಸಿದ. ಕಾರು ಮೆಲ್ಲಗೆ ಉರುಳಿ ಗೆರೆಯನ್ನು ದಾಟಿತು, ಆತ ಗೆದ್ದ. ಎತ್ತರದಲ್ಲಿ ಶೇಖರವಾಗಿದ್ದ ಸ್ಥಿತಿಶಕ್ತಿ ಚಲನಶಕ್ತಿಯಾಗಿ ಬಹುಮಾನ ತಂದುಕೊಟ್ಟಿತು!

ಇನ್ನು ಲೆಕ್ಕಕ್ಕೆ ಬರೋಣ. ಓರೆ ಹಾದಿಗೆ ಒಂದು ಸಹಜ ವೇಗ ಇರುತ್ತದೆ. ಆ ವೇಗದಲ್ಲಿ ಹೋಗುವ ವಾಹನವನ್ನು ತಿರುಗಿಸಲು ಟೈರಿನ ಪಕ್ಕದ ಹಿಡಿತ ಬೇಕೇ ಆಗುವುದಿಲ್ಲ, ಓರೆಯೊಂದೇ ಸಾಕು. ಗುರುತ್ವ ವೇಗೋತ್ಕರ್ಷ, ತಿರುವಿನ ತ್ರಿಜ್ಯ, ಓರೆಯ ಕೋನದ ಟ್ಯಾಂಜೆಂಟ್, ಈ ಮೂರನ್ನು ಗುಣಿಸಿ ವರ್ಗಮೂಲ ತೆಗೆದರೆ ಸಹಜ ವೇಗ ಸಿಗುತ್ತದೆ. ಡೇಟೋನಾದ ತಿರುವಿನ ತ್ರಿಜ್ಯ 1000 ಅಡಿ, ಎಂದರೆ ಸುಮಾರು 305 ಮೀಟರ್. 31 ಡಿಗ್ರಿಯ ಟ್ಯಾಂಜೆಂಟ್ 0.6. ಗುಣಿಸಿ ನೋಡಿ. ಸೆಕೆಂಡಿಗೆ 42 ಮೀಟರ್, ಗಂಟೆಗೆ ಸುಮಾರು 153 ಕಿಲೋಮೀಟರ್ ಬರುತ್ತದೆ. ವಾಹನದ ತೂಕ ಈ ಸೂತ್ರದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಲಾರಿಗೂ ಸ್ಪೋರ್ಟ್ಸ್ ಕಾರಿಗೂ ಸಹಜ ವೇಗ ಒಂದೇ.

ನಮ್ಮ ದೇಶದಲ್ಲಿಯೂ ಇದೇ ಸೂತ್ರದ ಮೇಲೆ ಕಟ್ಟಿದ ಹಾದಿಯಿದೆ. ಮಧ್ಯಪ್ರದೇಶದ ಇಂದೋರ್ ಬಳಿಯ ಪೀತಂಪುರದಲ್ಲಿ ವಾಹನಗಳ ಪರೀಕ್ಷೆಗಾಗಿ 11.3 ಕಿಲೋಮೀಟರ್ ಉದ್ದದ ಅತಿವೇಗದ ಹಾದಿಯನ್ನು 2021ರಲ್ಲಿ ಉದ್ಘಾಟಿಸಲಾಯಿತು. ಅದರ ತಿರುವುಗಳ ಸಹಜ ವೇಗ ಗಂಟೆಗೆ 250 ಕಿಲೋಮೀಟರ್.

ಆದರೆ ಓಟದ ಕಾರು ಸಹಜ ವೇಗಕ್ಕೆ ತೃಪ್ತಿಪಡುವುದಿಲ್ಲ. ಡೇಟೋನಾದ ತಿರುವಿನಲ್ಲಿ ಒಂದು ಕಾರು ಗಂಟೆಗೆ 290 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಅದನ್ನು ತಿರುಗಿಸಲು ಬೇಕಾದ ವೇಗೋತ್ಕರ್ಷ ಗುರುತ್ವದ 2.17 ಪಟ್ಟು. ಸಮತಟ್ಟಾದ ಹಾದಿಯಲ್ಲಿ ಇಷ್ಟನ್ನೂ ಟೈರಿನ ಹಿಡಿತವೇ ಕೊಡಬೇಕಿತ್ತು. ಓರೆ ಹಾದಿಯಲ್ಲಿ ಟೈರಿನ ಪಾಲಿಗೆ ಉಳಿಯುವುದು ಗುರುತ್ವದ 1.35 ಪಟ್ಟು ಮಾತ್ರ. ಇದು ಉಪಕಾರ. ಬೆಲೆ ಯಾವುದು? ಕಾರು ಹಾದಿಯನ್ನು ಒತ್ತುವ ಬಲ. ಅದೇ ಲೆಕ್ಕವನ್ನು ಹಾದಿಗೆ ಲಂಬವಾಗಿ ಮಾಡಿದರೆ ಗುರುತ್ವದ 1.97 ಪಟ್ಟು ಬರುತ್ತದೆ. 1300 ಕಿಲೋ ತೂಗುವ ಕಾರು ತಿರುವಿನಲ್ಲಿ 2500 ಕಿಲೋಗಿಂತ ಹೆಚ್ಚು ತೂಗುವ ಕಾರಿನಂತೆ ತನ್ನ ನಾಲ್ಕು ಟೈರುಗಳನ್ನು ಅದುಮುತ್ತದೆ. ತಿರುವು ಮುಗಿದ ಕೂಡಲೇ ತೂಕ ಮತ್ತೆ ಇಳಿಯುತ್ತದೆ. ಜಾತ್ರೆಯ ಅಟ್ಟ ಏಕೆ ಅಲುಗುತ್ತಿತ್ತು ಎಂಬುದು ಈಗ ತಿಳಿಯಿತಲ್ಲವೇ?

ಡೇಟೋನಾದಲ್ಲಿ ಸ್ಪೋರ್ಟ್ಸ್ ಕಾರುಗಳ 24 ಗಂಟೆಗಳ ಓಟ 1966ರಲ್ಲಿ ಮೊದಲಾಯಿತು. ಆ ವರ್ಷ ಕೆನ್ ಮೈಲ್ಸ್ ಮತ್ತು ಲಾಯ್ಡ್ ರೂಬಿ ಫೋರ್ಡ್ ಕಾರಿನಲ್ಲಿ ಗೆದ್ದರು. ಈ ಓಟದಲ್ಲಿ ಒಂದು ತೊಡಕಿದೆ. ಕಾರುಗಳು ಓರೆ ತಿರುವುಗಳಲ್ಲಿ ಮಾತ್ರ ಸುತ್ತುವುದಿಲ್ಲ. ನಡುವೆ ಒಳಬಯಲಿಗೆ ಇಳಿದು, ಅಲ್ಲಿನ ಸಮತಟ್ಟಾದ, ಕಡಿದಾದ ಎಡಬಲ ತಿರುವುಗಳನ್ನು ನಿಧಾನವಾಗಿ ದಾಟಿ ಮತ್ತೆ ಓರೆ ಹಾದಿಗೆ ಏರುತ್ತವೆ. ಒಂದು ಸುತ್ತಿಗೆ ಸುಮಾರು 5.7 ಕಿಲೋಮೀಟರ್. ಒಂದೇ ಸುತ್ತಿನಲ್ಲಿ ಎರಡು ಬಗೆಯ ಹಾದಿ. ಒಂದಕ್ಕೆ ಹೊಂದುವ ಸಿದ್ಧತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಎಂಜಿನಿಯರುಗಳ ಜಾಣ್ಮೆಯ ಪರೀಕ್ಷೆ ಆಗುವುದು ಇಲ್ಲಿಯೇ.

ಮೊದಲನೆಯದಾಗಿ ಸ್ಪ್ರಿಂಗ್. ಕಾರಿನ ತೂಕ ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದೆ ಎಂದುಕೊಂಡರೆ ಒಂದೊಂದಕ್ಕೆ 325 ಕಿಲೋ. ಓರೆ ತಿರುವಿನಲ್ಲಿ ಅದು 640ಕ್ಕೆ ಏರುತ್ತದೆ. ಉದಾಹರಣೆಗೆ, 10 ಕಿಲೋ ಭಾರಕ್ಕೆ 1 ಮಿಲಿಮೀಟರ್ ಕುಗ್ಗುವ ಸ್ಪ್ರಿಂಗ್ ಹಾಕಿದ್ದರೆ ಕಾರು 30 ಮಿಲಿಮೀಟರಿಗೂ ಹೆಚ್ಚು ಕೆಳಕ್ಕೆ ಕುಳಿತುಬಿಡುತ್ತದೆ. ಓಟದ ಕಾರಿನ ಹೊಟ್ಟೆ ನೆಲಕ್ಕೆ ಬಹಳ ಸಮೀಪ ಇರುತ್ತದೆ. ವೇಗ ಹೆಚ್ಚಿದಾಗ ಗಾಳಿಯೂ ಕಾರನ್ನು ಕೆಳಕ್ಕೆ ಒತ್ತುತ್ತದೆ. ಇದರ ಮೇಲೆ ಇನ್ನೊಂದು ಹೊರೆ. ಹಾದಿ ಎಡಕ್ಕೆ ತಿರುಗುವುದರಿಂದ ಬಲಬದಿಯ ಚಕ್ರಗಳ ಮೇಲಿನ ಭಾರ ಎಡಬದಿಯ ದುಪ್ಪಟ್ಟನ್ನೂ ಮೀರಬಹುದು. ಹೀಗಾಗಿ ಕಾರಿನ ತಳ ಡಾಂಬರಿಗೆ ಉಜ್ಜುತ್ತದೆ. ತಳ ನೆಲಕ್ಕೆ ತಾಗಿದರೆ ಭಾರ ಟೈರನ್ನು ಬಿಟ್ಟು ತಳಕ್ಕೆ ವರ್ಗವಾಗುತ್ತದೆ, ಟೈರಿನ ಹಿಡಿತ ತಪ್ಪುತ್ತದೆ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಲದೇ? ಓರೆಯ ಮೇಲೆ ಸರಿ. ಆದರೆ ಒಳಬಯಲಿನ ತಿರುವುಗಳಲ್ಲಿ ಅದೇ ಕಾರು ಸಣ್ಣ ಉಬ್ಬಿಗೂ ಪುಟಿಯುತ್ತದೆ. ಪುಟಿದ ಟೈರು ರಸ್ತೆಯನ್ನು ಹಿಡಿಯುವುದಿಲ್ಲ. ಕಾರನ್ನು ಎತ್ತರಿಸಿ ನಿಲ್ಲಿಸಿದರೆ? ಗುರುತ್ವಕೇಂದ್ರ ಮೇಲೇರಿ ಕಾರು ಹೆಚ್ಚು ವಾಲುತ್ತದೆ, ತಳದ ಕೆಳಗೆ ಗಾಳಿಯೂ ಸರಿಯಾಗಿ ಹರಿಯುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಸ್ಪ್ರಿಂಗಿನ ದಾರಿಯ ಕೊನೆಯಲ್ಲಿ ಇಡುವ ಒಂದು ತುಂಡು ರಬ್ಬರು. ಇದನ್ನು ಬಂಪ್ ರಬ್ಬರ್ ಎನ್ನುತ್ತಾರೆ. ಒಳಬಯಲಿನಲ್ಲಿ ಸ್ಪ್ರಿಂಗ್ ಅಷ್ಟು ಕುಗ್ಗುವುದಿಲ್ಲ, ರಬ್ಬರು ಸುಮ್ಮನಿರುತ್ತದೆ. ಓರೆಯ ಮೇಲೆ ಕಾರು ಕುಳಿತಾಗ ರಬ್ಬರು ಅಡ್ಡ ಬಂದು ಭಾರ ಹೊರುತ್ತದೆ. ರಬ್ಬರಿನ ದಪ್ಪ ಎಷ್ಟು, ಅದು ಎಲ್ಲಿಂದ ತಾಗಲು ಶುರುವಾಗಬೇಕು ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸುತ್ತಾರೆ. ಬೇಗ ತಾಗಿದರೆ ಒಳಬಯಲು ಕೆಟ್ಟಿತು, ತಡವಾಗಿ ತಾಗಿದರೆ ತಳ ಉಜ್ಜಿತು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಟೈರು. ಕಾರಿಗೂ ಭೂಮಿಗೂ ಇರುವ ಸಂಬಂಧವೆಲ್ಲ ಕೆಲವು ಅಂಗೈಗಳಷ್ಟು ಜಾಗದಲ್ಲಿ ನಡೆಯುತ್ತದೆ. ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಹೆಚ್ಚು. 290 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 38 ಸಲ ತಿರುಗುತ್ತದೆ. ಟೈರಿನ ಪ್ರತಿಯೊಂದು ಭಾಗವೂ ಸೆಕೆಂಡಿಗೆ 38 ಸಲ ಭಾರಕ್ಕೆ ಚಪ್ಪಟೆಯಾಗಿ ಮತ್ತೆ ಸೆಟೆದುಕೊಳ್ಳುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇರಿ, ಬಗ್ಗುವ ಜಾಗ ಬಿಸಿಯಾಗುತ್ತದೆ, ಕೊನೆಗೆ ಮುರಿಯುತ್ತದೆ. ಟೈರಿನ ಪಕ್ಕದ ಗೋಡೆಗೂ ಇದೇ ಅಪಾಯ.

ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ನೆಲಕ್ಕೆ ತಾಗುವ ಜಾಗ ದೊಡ್ಡದಾಗುತ್ತದೆ, ಒಳಬಯಲಿನ ನಿಧಾನ ತಿರುವುಗಳಲ್ಲಿ ಹಿಡಿತ ಚೆನ್ನಾಗಿರುತ್ತದೆ. ಆದರೆ ಓರೆಯ ಮೇಲೆ ಭಾರ ಹೆಚ್ಚಿದಾಗ ಆ ಟೈರು ಅತಿಯಾಗಿ ಬಗ್ಗುತ್ತದೆ, ಕಾಯುತ್ತದೆ, ಸಿಡಿಯಬಹುದು. ಆದ್ದರಿಂದಲೇ ಇಂತಹ ಓಟಗಳಲ್ಲಿ ಗಾಳಿಯ ಒತ್ತಡ ಇಷ್ಟಕ್ಕಿಂತ ಕೆಳಗೆ ಇಳಿಯಕೂಡದು ಎಂದು ಟೈರು ತಯಾರಕರು ಮಿತಿ ಹಾಕುತ್ತಾರೆ. ಬಲಬದಿಯ ಟೈರುಗಳಿಗೆ ಭಾರ ಹೆಚ್ಚಾದ್ದರಿಂದ ಅವುಗಳ ಮೇಲೆ ನಿಗಾ ಹೆಚ್ಚು.

ಹವಾಮಾನದ ಲೆಕ್ಕವೂ ಇದರಲ್ಲಿ ಸೇರುತ್ತದೆ. ಡೇಟೋನಾದ 24 ಗಂಟೆಗಳ ಓಟ ನಡೆಯುವುದು ಜನವರಿಯ ಕೊನೆಯಲ್ಲಿ. ಹಗಲು ಬೆಚ್ಚಗಿದ್ದರೂ ರಾತ್ರಿ ತಂಪು. ನೀವು ಓದಿರುವ ಅನಿಲ ನಿಯಮವನ್ನು ಬಳಸಿ ನೋಡಿ. ಮೀಟರಿನಲ್ಲಿ ಚದರ ಅಂಗುಲಕ್ಕೆ 26 ಪೌಂಡ್ ತೋರಿಸುವ ಟೈರಿನ ತಾಪ 10 ಡಿಗ್ರಿ ಇಳಿದರೆ ಒತ್ತಡ ಸುಮಾರು 1.4 ಪೌಂಡ್ ಇಳಿಯುತ್ತದೆ. ಲೆಕ್ಕ ಮಾಡುವಾಗ ವಾತಾವರಣದ ಒತ್ತಡವನ್ನು ಕೂಡಿಸಲು, ತಾಪವನ್ನು ಕೆಲ್ವಿನ್‌ಗೆ ಬದಲಿಸಲು ಮರೆಯಬೇಡಿ. ಪರೀಕ್ಷೆಯಲ್ಲಿ ಇದನ್ನು ಮರೆತರೆ ಎರಡು ಅಂಕ ಹೋಗುತ್ತದೆ. ಓಟದಲ್ಲಿ ಮರೆತರೆ ನಡುರಾತ್ರಿ ಬದಲಿಸಿದ ಟೈರು ಮಿತಿಗಿಂತ ಕೆಳಗಿನ ಒತ್ತಡದಲ್ಲಿ ಓರೆ ತಿರುವಿಗೆ ಏರುತ್ತದೆ.

ಟೈರನ್ನು ನೆಟ್ಟಗೆ ನಿಲ್ಲಿಸಬೇಕೇ, ಓರೆಯಾಗಿ ನಿಲ್ಲಿಸಬೇಕೇ ಎಂಬುದು ಮತ್ತೊಂದು ಪ್ರಶ್ನೆ. ಎದುರಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಕಾರಿನ ಕಡೆಗೆ ವಾಲಿದ್ದರೆ ಅದನ್ನು ಋಣ ಕ್ಯಾಂಬರ್ ಎನ್ನುತ್ತಾರೆ. ಸಮತಟ್ಟಾದ ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಹೀಗೆ ನಿಲ್ಲಿಸಿದ ಹೊರಚಕ್ರ ನೆಲದ ಮೇಲೆ ಪೂರ್ತಿಯಾಗಿ ಊರುತ್ತದೆ. ಇದು ಲಾಭ. ಆದರೆ ಓರೆಯ ಮೇಲೆ ದೀರ್ಘಕಾಲ ಅತಿವೇಗದಲ್ಲಿ ಓಡುವಾಗ ಇಮ್ಮಡಿ ಭಾರವೆಲ್ಲ ಟೈರಿನ ಒಳ ಅಂಚಿನ ಮೇಲೆಯೇ ಬಿದ್ದು ಆ ಅಂಚು ಸುಡತೊಡಗುತ್ತದೆ. ಎಷ್ಟು ವಾಲಿಸಿದರೆ ಸರಿ ಎಂಬುದನ್ನು ಟೈರನ್ನೇ ಕೇಳಬೇಕು. ಕಾರು ಗ್ಯಾರೇಜಿಗೆ ಬಂದ ಕೂಡಲೇ ಮೆಕ್ಯಾನಿಕ್ ತಾಪ ಅಳೆಯುವ ಸೂಜಿಯನ್ನು ಟೈರಿಗೆ ಮೂರು ಕಡೆ ಚುಚ್ಚಿ ನೋಡುತ್ತಾನೆ. ಒಳ ಅಂಚು, ನಡುಭಾಗ, ಹೊರ ಅಂಚು. ನಡುಭಾಗ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ. ಎರಡು ಅಂಚುಗಳೂ ಬಿಸಿಯಾಗಿ ನಡುಭಾಗ ತಣ್ಣಗಿದ್ದರೆ ಗಾಳಿ ಕಡಿಮೆಯಾಗಿದೆ. ಒಳ ಅಂಚು ಮಿಕ್ಕೆರಡಕ್ಕಿಂತ ಬಹಳ ಬಿಸಿಯಾಗಿದ್ದರೆ ಚಕ್ರ ಅತಿಯಾಗಿ ವಾಲಿದೆ. ವೈದ್ಯರು ನಾಡಿ ಹಿಡಿದು ನೋಡುವಂತೆ ಇದು.

ಮೂರನೆಯದು ಹಿಂಬದಿಯ ರೆಕ್ಕೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತಿರುವ ಇದು ಕಾರನ್ನು ನೆಲಕ್ಕೆ ಒತ್ತುತ್ತದೆ. ಓರೆ ತಿರುವಿನಲ್ಲಿ ಹಾದಿಯೇ ಸಾಕಷ್ಟು ಒತ್ತಡ ಕೊಡುವುದರಿಂದ ದೊಡ್ಡ ರೆಕ್ಕೆಯ ಅಗತ್ಯವಿಲ್ಲ, ಅದು ಗಾಳಿಗೆ ಅಡ್ಡವಾಗಿ ವೇಗವನ್ನು ತಿನ್ನುತ್ತದೆ ಅಷ್ಟೇ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಶೇಕಡಾ 10ರಷ್ಟು ಹೆಚ್ಚಬೇಕಾದರೆ ಸಾಮರ್ಥ್ಯ ಶೇಕಡಾ 33ರಷ್ಟು ಹೆಚ್ಚಬೇಕು. ಆದ್ದರಿಂದ ಡೇಟೋನಾದಲ್ಲಿ ರೆಕ್ಕೆಯನ್ನು ಆದಷ್ಟು ಮಲಗಿಸುತ್ತಾರೆ. ಇದಕ್ಕೂ ಬೆಲೆಯಿದೆ. ಅತಿವೇಗದಿಂದ ಬಂದು ಒಳಬಯಲಿಗೆ ಇಳಿಯಲು ಬ್ರೇಕು ಒತ್ತಿದಾಗ ಕಾರಿನ ಹಿಂಭಾಗ ಹಗುರವಾಗಿ ಅತ್ತಿತ್ತ ಓಲಾಡುತ್ತದೆ. ದಣಿದ ಚಾಲಕನಿಗೆ ರಾತ್ರಿ ಮೂರು ಗಂಟೆಯಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ಸುತ್ತಿನಲ್ಲಿ ಅತಿವೇಗವಾದ ಕಾರು 24 ಗಂಟೆಯಲ್ಲಿ ಅತಿವೇಗವಾದ ಕಾರಾಗಿರಬೇಕೆಂದಿಲ್ಲ.

ನಾಲ್ಕನೆಯದು ಎಂಜಿನ್ನಿನ ಎಣ್ಣೆ. ಒಂದು ಲೋಟ ನೀರನ್ನು ಕಾರಿನಲ್ಲಿ ಇಟ್ಟು ಸಹಜ ವೇಗದಲ್ಲಿ ಓರೆ ತಿರುವನ್ನು ದಾಟಿದರೆ ನೀರು ಲೋಟದಲ್ಲಿ ಸಮನಾಗಿ ನಿಂತಿರುತ್ತದೆ, ಒಂದು ಹನಿಯೂ ಚೆಲ್ಲುವುದಿಲ್ಲ. 290 ಕಿಲೋಮೀಟರ್ ವೇಗದಲ್ಲಿ ಆದರೆ ಅದೇ ನೀರು ಕಾರಿನ ತಳಕ್ಕೆ ಹೋಲಿಸಿದರೆ 34 ಡಿಗ್ರಿ ವಾಲಿ ಬಲಬದಿಗೆ ಏರುತ್ತದೆ. ಎಂಜಿನ್ನಿನ ತಳದ ತಟ್ಟೆಯಲ್ಲಿರುವ ಎಣ್ಣೆಗೂ ಇದೇ ಗತಿ. ಎಣ್ಣೆ ಒಂದು ಮೂಲೆಗೆ ಹೋದರೆ ಪಂಪು ಗಾಳಿಯನ್ನು ಹೀರುತ್ತದೆ, ಬೇರಿಂಗುಗಳು ಒಣಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ಓಟದ ಕಾರುಗಳಲ್ಲಿ ಎಣ್ಣೆಯನ್ನು ಎಂಜಿನ್ನಿನ ಕೆಳಗೆ ನಿಲ್ಲಲು ಬಿಡದೆ, ಪಂಪುಗಳಿಂದ ಹೀರಿ ಎತ್ತರವಾದ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಅಲ್ಲಿಂದ ಹಂಚುತ್ತಾರೆ.

ಐದನೆಯದು ಚಾಲಕ. ಆತನ ತಲೆ ಮತ್ತು ಹೆಲ್ಮೆಟ್ ಕೂಡ ತಿರುವಿನಲ್ಲಿ ಇಮ್ಮಡಿ ತೂಗುತ್ತವೆ. ಅದಕ್ಕೆ ಆಸರೆ ಬೇಕು. ಕಣ್ಣಿಗೂ ದಾರಿ ಬೇಕು. ಓರೆ ತಿರುವಿನಲ್ಲಿ ಮುಂದಿನ ಹಾದಿ ಕಾಣುವುದು ಎದುರಿಗೆ ಅಲ್ಲ, ಮೇಲಕ್ಕೆ. 1970ರಲ್ಲಿ ಡೇಟೋನಾಕ್ಕೆ ಬಂದ ಪೋರ್ಷೆ 917 ಕಾರುಗಳ ಸೂರಿನಲ್ಲಿಯೇ ಒಂದು ಕಿಟಕಿ ಕೊರೆದಿದ್ದರು. ಚಾಲಕ ಅದರ ಮೂಲಕ ನೋಡಿ ತಿರುವಿನಾಚೆಯನ್ನು ಕಾಣಬೇಕಿತ್ತು. ಆ ವರ್ಷ ಗೆದ್ದದ್ದು ಪೋರ್ಷೆ 917 ಕಾರೇ.

ಮಿತ್ರರೆ, ಇಷ್ಟೆಲ್ಲ ಲೆಕ್ಕ ಏಕೆ ಎಂದು ನಿಮಗೆ ಅನಿಸಬಹುದು. ಎರಡು ಘಟನೆಗಳನ್ನು ಹೇಳುತ್ತೇನೆ.

ಜರ್ಮನಿಯ ಬರ್ಲಿನ್‌ನಲ್ಲಿ ಆವುಸ್ ಎಂಬ ಓಟದ ಹಾದಿಯಿತ್ತು. ಅದರ ಉತ್ತರದ ತಿರುವನ್ನು ಇಟ್ಟಿಗೆಯಿಂದ 43 ಡಿಗ್ರಿ ಓರೆಯಾಗಿ ಕಟ್ಟಿದ್ದರು. ಮೇಲಿನ ಅಂಚಿನಲ್ಲಿ ಕಾರನ್ನು ತಡೆಯುವ ಗೋಡೆ ಇರಲಿಲ್ಲ. 1959ರ ಆಗಸ್ಟ್ 1ರಂದು ಅಲ್ಲಿ ಸ್ಪೋರ್ಟ್ಸ್ ಕಾರುಗಳ ಓಟ ನಡೆಯುವಾಗ ಮಳೆ ಬಂತು. ಸಹಜ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೋಗುವ ಕಾರು ಹಿಡಿತ ತಪ್ಪಿದರೆ ಇಳಿಜಾರಿನಲ್ಲಿ ಕೆಳಕ್ಕೆ ಜಾರುವುದಿಲ್ಲ, ಮೇಲಕ್ಕೆ ಜಾರುತ್ತದೆ. ನೆನೆದ ಇಟ್ಟಿಗೆಯ ಮೇಲೆ ಫ್ರಾನ್ಸಿನ ಪ್ರಸಿದ್ಧ ಚಾಲಕ ಜಾನ್ ಬೆಹ್ರಾ ಅವರ ಪೋರ್ಷೆ ಹಾಗೆಯೇ ಮೇಲೇರಿ ಅಂಚನ್ನು ದಾಟಿತು. ಅವರು ಅಲ್ಲಿಯೇ ಮರಣ ಹೊಂದಿದರು. ಆ ಓರೆ ತಿರುವನ್ನು 1967ರಲ್ಲಿ ಕೆಡವಿದರು.

ಎರಡನೆಯ ಘಟನೆ 2005ರ ಜೂನ್ ತಿಂಗಳಿನದು. ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ನಡೆದ ಅದು ಸ್ಪೋರ್ಟ್ಸ್ ಕಾರುಗಳ ಓಟವಲ್ಲ, ಫಾರ್ಮುಲಾ ಒನ್. ಆದರೆ ಪಾಠ ಒಂದೇ. ಅಲ್ಲಿನ 13ನೆಯ ತಿರುವು ಓರೆ ಹಾದಿಯ ಭಾಗ. ಓರೆ ಕೇವಲ 9 ಡಿಗ್ರಿ ಚಿಲ್ಲರೆ, ಡೇಟೋನಾದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅಭ್ಯಾಸದ ದಿನ ರಾಲ್ಫ್ ಶುಮಾಕರ್ ಅವರ ಕಾರಿನ ಹಿಂದಿನ ಎಡ ಟೈರು ಅಲ್ಲಿಯೇ ಕೈಕೊಟ್ಟು ಕಾರು ಗೋಡೆಗೆ ಬಡಿಯಿತು. ಟೈರು ತಯಾರಿಸಿದ ಮಿಶೆಲಿನ್ ಸಂಸ್ಥೆ ಪರಿಶೀಲಿಸಿ, ಆ ತಿರುವಿನಲ್ಲಿ ವೇಗ ತಗ್ಗದಿದ್ದರೆ ನಮ್ಮ ಟೈರು ಸುರಕ್ಷಿತವಲ್ಲ ಎಂದು ಬರೆದುಕೊಟ್ಟಿತು. ತಿರುವಿನಲ್ಲಿ ವೇಗ ತಗ್ಗಿಸುವ ಅಡ್ಡತಿರುವು ಹಾಕುವ ಸಲಹೆಗೆ ಒಪ್ಪಿಗೆ ಸಿಗಲಿಲ್ಲ. ಓಟದ ದಿನ 20 ಕಾರುಗಳು ಸಾಲಾಗಿ ಹೊರಟವು. ಓಟಕ್ಕೆ ಮುಂಚಿನ ಸುತ್ತು ಹಾಕಿ ಮಿಶೆಲಿನ್ ಟೈರಿನ 14 ಕಾರುಗಳು ಗ್ಯಾರೇಜಿಗೆ ಹಿಂತಿರುಗಿದವು. ಉಳಿದ 6 ಕಾರುಗಳೇ ಓಟ ಮುಗಿಸಿದವು. ಅವುಗಳಲ್ಲಿ ಒಂದನ್ನು ಓಡಿಸಿದವರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ಅವರು ನಾಲ್ಕನೆಯವರಾಗಿ ಬಂದು ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರೆನಿಸಿದರು.

ಪ್ರೇಕ್ಷಕರು ರೇಗಿದರು, ಕೂಗಾಡಿದರು. ಟಿಕೆಟಿಗೆ ಹಣ ಕೊಟ್ಟವರ ಕೋಪ ಸಹಜವೇ. ಮಿಶೆಲಿನ್ ಸಂಸ್ಥೆ ಅವರ ಹಣವನ್ನು ಹಿಂತಿರುಗಿಸಲು ಮುಂದಾಯಿತು. ಟೈರು ತಯಾರಕರ ಮೊದಲ ಲೆಕ್ಕ ತಪ್ಪಿತ್ತು ಎಂಬುದೂ ನಿಜ. ಆದರೆ ಲೆಕ್ಕ ತಪ್ಪಿದೆ ಎಂದು ತಿಳಿದ ಮೇಲೆ ಅದನ್ನು ಬಚ್ಚಿಡದೆ ಹೇಳಿದರಲ್ಲ, ಆ ದಿನ ಮತ್ತೊಂದು ಟೈರು ಸಿಡಿಯಲಿಲ್ಲವಲ್ಲ, ಅದನ್ನೂ ನಾವು ಎಣಿಸಬೇಕು. ಎಂಜಿನಿಯರ್ ಆಗಬೇಕೆಂದಿರುವ ವಿದ್ಯಾರ್ಥಿಗಳು ಈ ಘಟನೆಯನ್ನು ಮರೆಯಬಾರದು. ಕಾರನ್ನು ವೇಗವಾಗಿ ಓಡುವಂತೆ ಮಾಡುವುದು ಅರ್ಧ ವಿದ್ಯೆ. ಇದು ಇಂದು ಓಡಬಾರದು ಎಂದು ಹೇಳುವುದು ಉಳಿದರ್ಧ.

ಕಡೆಯದಾಗಿ ಈ ಕೆಲಸ ಮಾಡುವವರು ಪಾಲಿಸುವ ಒಂದು ನಿಯಮವನ್ನು ಹೇಳಿ ಮುಗಿಸುತ್ತೇನೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಸ್ಪ್ರಿಂಗ್, ಗಾಳಿ, ರೆಕ್ಕೆ ಮೂರನ್ನೂ ಒಟ್ಟಿಗೆ ಬದಲಿಸಿ ಕಾರು ವೇಗವಾದರೆ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಒಂದನ್ನು ಬದಲಿಸು, ಕೆಲವು ಸುತ್ತು ಓಡಿಸು, ಅಳೆ, ಪುಸ್ತಕದಲ್ಲಿ ಬರೆದಿಡು, ಆಮೇಲೆ ಮುಂದಿನದು. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದವನ್ನು ಬದಲಿಸುತ್ತಾ ಆವರ್ತಕಾಲ ಬರೆದುಕೊಳ್ಳುತ್ತೀರಲ್ಲ, ಅದೇ ಕ್ರಮ. ಕೋಟಿಗಟ್ಟಲೆ ಬೆಲೆಯ ಕಾರಿಗೂ ಅದಕ್ಕಿಂತ ಬೇರೆ ದಾರಿಯಿಲ್ಲ.

ಮುಂದಿನ ಸಲ ಬಸ್ಸಿನಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಕೈಯಲ್ಲಿರುವ ನೀರಿನ ಬಾಟಲಿಯನ್ನು ನೋಡಿ. ನೀರು ಯಾವ ಕಡೆಗೆ ವಾಲುತ್ತದೆ? ರಸ್ತೆಯ ಓರೆ ಎಷ್ಟು, ಬಸ್ಸಿನ ವೇಗ ಎಷ್ಟು ಎಂದು ಅದು ನಿಮಗೆ ಹೇಳುತ್ತದೆ. ಆದರೆ ವೇಗದ ಪ್ರಯೋಗವನ್ನು ಮಾತ್ರ ನಮ್ಮ ರಸ್ತೆಗಳ ಮೇಲೆ ಮಾಡಬೇಡಿ. ಅದಕ್ಕೆ ಬೇಕಾದ ಹಾದಿಯೂ ಗೋಡೆಯೂ ಲೆಕ್ಕವೂ ಅಲ್ಲಿ ಇರುವುದಿಲ್ಲ.